ಕಪ್ಪು ಮುಖವನ್ನು ಕಪ್ಪಾಗಿಯೇ ತೆಗೆಯುವುದು

ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ನಾನು ಜಾಸ್ತಿ ಕೇಳಿದ ಮಾತು, "ಸ್ವಲ್ಪ ಬೆಳ್ಳಗ ಮಾಡ್ರೀ." ಗಂಡಿನ ಕಡೆಯವರಿಗೆ ಕಳಿಸುವ ಫೋಟೊ ಆದರಂತೂ ಮುಗೀತು. ಹೀಗೆ ಮುಖ ತೊಳೆದು ಕೊಡುವ ಕೆಲಸ ಸಾಕು ಅನ್ನಿಸಿದ್ದು ಕಲಘಟಗಿ ಕಡೆಯ ಸಿದ್ದಿ ಜನರ ಫೋಟೊ ತೆಗೆಯಲು ಹೋದಾಗ. ಅವರ ಹಿರಿಯರು ಆಫ್ರಿಕಾದವರು. ಎಷ್ಟೋ ಜನರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು. ತಲೆಮಾರುಗಳಿಂದ ಇಲ್ಲೇ ಇದ್ದರೂ ಪೇಟೆಗೆ ಬಂದರೆ "ನೀವು ಯಾವ ದೇಶದವ್ರು?" ಅಂತ ಕೇಳ್ತಾರೆ. ಕನ್ನಡದಲ್ಲೇ ಉತ್ತರ ಕೊಟ್ಟರೂ ನಂಬುವುದಿಲ್ಲ.

ಅಲ್ಲಿಗೆ ಹೋಗುವ ಕ್ಯಾಮೆರಾದವರಿಗೆ ಬೇಕಾಗಿದ್ದು ಸಿದ್ದಿಯರ ದಮಾಮಿ ಕುಣಿತ. ಒಬ್ಬ ಹಿರಿಯಕ್ಕ ನೇರವಾಗಿ ಹೇಳಿದರು: "ಕುಣಿಯೂದು ಬ್ಯಾಡ ತಮ್ಮಾ, ನಾ ಕೌದಿ ಹೊಲಿಯೂದು ತಗಿ."

ತೆಗೆದೆ. ಹಳೇ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸಣ್ಣ ಸಣ್ಣ ಹೊಲಿಗೆಯಲ್ಲಿ ಕೂಡಿಸುತ್ತಾ ಬಂದರು. ಕೊನೆಗೆ ನಾಲ್ಕೂ ಮೂಲೆಗೆ ಮುಮ್ಮೂಲೆ ತುಂಡು, ಅದು 'ಫುಲ'. ಅದಿಲ್ಲದಿದ್ದರೆ ಕೌದಿ ಪೂರ್ತಿಯಾಗಲ್ಲ.

ಇನ್ನು ಬೆಳಕು. ಹಿಂದೆ ಕೋಡಾಕ್ ಕಂಪನಿ ಲ್ಯಾಬ್‌ಗಳಿಗೆ ಕೊಡುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ಬಿಳಿ ಹೆಂಗಸಿನ ಚಿತ್ರ ಇರುತ್ತಿತ್ತು. ಆಕೆಯ ಮೈಬಣ್ಣ ಸರಿ ಬಂದರೆ ಪ್ರಿಂಟ್ ಸರಿ. ಕಪ್ಪು ಮುಖ ಮಸಿಯಾದರೆ ಆಗಲಿ! ಡಿಜಿಟಲ್ ಬಂದರೂ ಎಚ್ಚರ ಬೇಕು. ಸುಣ್ಣದ ಗೋಡೆ ಮುಂದೆ ಕೂರಿಸಿದರೆ ಕ್ಯಾಮೆರಾ ಗೋಡೆಯನ್ನೇ ನೋಡಿ ಮುಖವನ್ನು ಮುಳುಗಿಸುತ್ತದೆ. ಅದಕ್ಕೇ ಮಣ್ಣಿನ ಗೋಡೆ ಆರಿಸಿಕೊಂಡೆ. ಒಂದೇ ಜಾಗದ ಬೆಳಕನ್ನು ಅಳೆಯುವ ಸ್ಪಾಟ್ ಮೀಟರಿಂಗ್ ಹಾಕಿ ಕೆನ್ನೆಯ ಮೇಲೆ ಅಳೆದೆ. ಮೀಟರ್ ಕಪ್ಪನ್ನೂ ಬೂದು ಮಾಡಲು ನೋಡುತ್ತದೆ, ಹಾಗಾಗಿ ಒಂದು ಸ್ಟಾಪ್ ಇಳಿಸಿದೆ, ಅಂದರೆ ಬೆಳಕನ್ನು ಅರ್ಧಕ್ಕೆ ತಂದೆ. ಫ್ಲ್ಯಾಶ್ ಇಲ್ಲ. ಬಾಗಿಲ ಬೆಳಕು ಒಂದು ಕಡೆಯಿಂದ, ಇನ್ನೊಂದು ಕಡೆ ಆ ಬೆಳಕನ್ನು ಮುಖಕ್ಕೆ ತಿರುಗಿಸಲು ಬಿಳಿ ಪಂಚೆ ಹಿಡಿದು ನಿಂತ ಅವರ ಮೊಮ್ಮಗ. ಕೆನ್ನೆಯ ಹೊಳಪನ್ನು ಪೌಡರ್ ಹಚ್ಚಿ ಕೊಲ್ಲಬೇಡಿ, ಮುಖಕ್ಕೆ ಆಕಾರ ಬರೋದೇ ಅದರಿಂದ. ಮಷಿನ್ ತಾನಾಗಿಯೇ ಬಣ್ಣ ತಿದ್ದದಿರಲಿ ಅಂತ ಲ್ಯಾಬ್‌ನಲ್ಲಿ "ಆಟೋ ಕರೆಕ್ಷನ್ ಬೇಡ" ಅಂತ ಬರೆದುಕೊಟ್ಟೆ.

ನನಗೆ ದಾರಿ ತೋರಿಸಿದವರು ಅಮೆರಿಕದ ಕಪ್ಪು ಫೋಟೊಗ್ರಾಫರ್ ಗಾರ್ಡನ್ ಪಾರ್ಕ್ಸ್. 1942ರಲ್ಲಿ ವಾಷಿಂಗ್ಟನ್‌ನ ಸರ್ಕಾರಿ ಕಚೇರಿ ಗುಡಿಸುತ್ತಿದ್ದ ಕಪ್ಪು ಹೆಂಗಸು ಎಲಾ ವಾಟ್ಸನ್ ಅವರನ್ನು ಅಮೆರಿಕದ ಧ್ವಜದ ಮುಂದೆ, ಕಸಬರಿಗೆ ಸಮೇತ ನಿಲ್ಲಿಸಿ ತೆಗೆದರು. ಆ ಫೋಟೊ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಆಮೇಲಿನದು: ಅವರ ಮನೆಗೆ, ಚರ್ಚಿಗೆ ಹೋಗಿ ಅವರ ಬದುಕನ್ನೇ ತೆಗೆದರಲ್ವಾ, ಅದು. ದಬ್ಬಾಳಿಕೆ ತೋರಿಸುವ ಭರದಲ್ಲಿ ಮನುಷ್ಯರನ್ನೇ ಮರೆಯಲಿಲ್ಲ.

ಧಾರವಾಡದಲ್ಲಿ ಪ್ರದರ್ಶನ ಇಡುವ ಮುಂಚೆ ಪ್ರಿಂಟ್‌ಗಳನ್ನೆಲ್ಲ ಅಕ್ಕನ ಮುಂದೆ ಹರಡಿದೆ. ಬೇಡ ಅಂದಿದ್ದನ್ನು ತೆಗೆದಿಟ್ಟೆ. ಕೆಳಗೆ ಸುಮ್ನೆ 'ಸಿದ್ದಿ ಮಹಿಳೆ' ಅಂತ ಬರೆಯಲಿಲ್ಲ. ಅವರ ಹೆಸರು, ಊರು, ಕಸುಬು, ಎಲ್ಲಾ ಅವರು ಹೇಳಿದ ಹಾಗೇ ಬರೆದೆ. ಪಕ್ಕದಲ್ಲಿ ಅದೇ ಕೌದಿ ತೂಗುಹಾಕಿದೆವು, ಅವರೇ ಹೇಳಿದ ಬೆಲೆಯ ಚೀಟಿ ಸಮೇತ.