ರೆಗ್ಯುಲೇಟರ್ ದರ ಕೇಳುವ ಮೊದಲು ಕಿಟ್ ಕೇಳಿ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನನ್ನದು ಓ-ರಿಂಗ್, ಸೀಲ್, ಹೋಸ್ ಮಾರುವ ಅಂಗಡಿ. ಮಳೆಗಾಲ ಮುಗಿದ ಮೇಲೆ ಬಿಡುವು ಸಿಕ್ಕಾಗ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡುತ್ತೇನೆ. ಹಾಗಾಗಿ ಹೊಸದಾಗಿ ಸ್ಕೂಬಾ ಕಲಿತ ಹುಡುಗರು ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಬಾಯಿಗೆ ತಲುಪಿಸುವ ಹಳೇ ರೆಗ್ಯುಲೇಟರಿನ ಫೋಟೊ ಕಳಿಸಿ, "ಕಾಕಾ, ಇದು ತಗೋಬಹುದೇನ್ರಿ?" ಅಂತ ಕೇಳುತ್ತಲೇ ಇರುತ್ತಾರೆ.

ವರ್ಷಕ್ಕೆ ಒಂದೆರಡು ಸಲ ನೀರಿಗಿಳಿಯುವವರಿಗೆ ಸ್ವಂತದ್ದು ಬೇಕಿಲ್ಲ. ಬಾಡಿಗೆಯದೇ ಸಾಕು. ಆ ದುಡ್ಡಿನಲ್ಲಿ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ತಗೊಳ್ಳಿ.

ಬೇಕೇ ಬೇಕು ಅನ್ನುವವರು ಇದರ ಕೆಲಸ ತಿಳಿದಿರಲಿ. ಅಡುಗೆಮನೆಯ ಗ್ಯಾಸ್ ರೆಗ್ಯುಲೇಟರಿನ ಹಾಗೆ ಇದೂ ಒತ್ತಡ ಇಳಿಸುತ್ತದೆ, ಆದರೆ ಎರಡು ಹಂತದಲ್ಲಿ. ತುಂಬಿದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡ ಇರುತ್ತದೆ. ಅದರ ಬಾಯಿಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುಮಾರು 9-10 ಬಾರಿಗೆ ತರುತ್ತದೆ. ಬಾಯಲ್ಲಿ ಕಚ್ಚುವ ಸೆಕೆಂಡ್ ಸ್ಟೇಜ್ ನೀವು ಉಸಿರೆಳೆದಾಗ ಮಾತ್ರ ಗಾಳಿ ಬಿಡುತ್ತದೆ. ಇವುಗಳ ಜೊತೆ ಆಕ್ಟೋಪಸ್ (ತುರ್ತಿಗೆಂದು ಇಡುವ ಇನ್ನೊಂದು ಸೆಕೆಂಡ್ ಸ್ಟೇಜ್), ಪ್ರೆಷರ್ ಗೇಜ್, ತೇಲಲು ಹಾಕುವ ಜಾಕೆಟ್ಟಿಗೆ ಗಾಳಿ ತುಂಬುವ ಹೋಸ್ ಬೇಕು. ಮಾರುವವರು ಹೇಳಿದ ದರದಲ್ಲಿ ಇವೆಲ್ಲ ಸೇರಿವೆಯಾ ಅಂತ ಕೇಳಿ.

ಇನ್ನು ಮುಖ್ಯ ವಿಷಯ. ಒಳಗೆ ಗಾಳಿಯ ದಾರಿ ಮುಚ್ಚುವ ಸೀಟ್, ಓ-ರಿಂಗ್, ಫಿಲ್ಟರ್ ಸವೆಯುವ ವಸ್ತುಗಳು. ಕಂಪನಿಯ ಪುಸ್ತಕದಲ್ಲಿ ಹೇಳಿದ ಹಾಗೆ ವರ್ಷಕ್ಕೋ ಎರಡು ವರ್ಷಕ್ಕೋ ಬದಲಿಸಬೇಕು. ಆ ಮಾಡೆಲ್ಲಿನ ಸರ್ವಿಸ್ ಕಿಟ್, ಅಂದರೆ ಈ ಬಿಡಿಭಾಗಗಳ ಸೆಟ್, ಈಗ ಸಿಗದಿದ್ದರೆ ಫಳಫಳ ಹೊಳೆಯುವ ರೆಗ್ಯುಲೇಟರೂ ಗುಜರಿಗೆ ಸಮ. ಅದಕ್ಕೇ ಮಾಡೆಲ್ ಹೆಸರು ಹಿಡಿದು ಮೊದಲು ಟೆಕ್ನಿಶಿಯನ್ನಿಗೆ ಫೋನ್ ಮಾಡಿ, ಮಾರುವವರಿಗೆ ಆಮೇಲೆ. ನಾನಂತೂ ಸರ್ವಿಸಿಗೆ ಗೋವಾಕ್ಕೋ ಬೆಂಗಳೂರಿಗೋ ಕಳಿಸುತ್ತೇನೆ. ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್, ಆಕ್ಟೋಪಸ್, ಮೂರಕ್ಕೂ ಬೇರೆ ಬೇರೆ ಕಿಟ್. ಅದರ ಮೇಲೆ ಕೂಲಿ, ಕೊರಿಯರ್. ಇದೆಲ್ಲ ಕೂಡಿಸಿದ ಮೇಲೆ ಹಳೆಯದು ಹೊಸದರ ಅರ್ಧ ಬೆಲೆ ದಾಟಿದರೆ ನಾನು ಕೈ ಹಾಕುವುದಿಲ್ಲ.

"ನಿಮ್ಮ ಅಂಗಡ್ಯಾಗ ಓ-ರಿಂಗ್ ಅದಾವಲ್ಲ, ನೀವ ಹಾಕಿಕೊಡ್ರಿ" ಅನ್ನುವವರೂ ಇದ್ದಾರೆ. ಇಲ್ಲಪ್ಪ. ಅಳತೆ ಒಂದೇ ಇದ್ದರೂ ರಬ್ಬರಿನ ಜಾತಿ ಬೇರೆ, ಗಡಸು ಬೇರೆ. ಗಡಸಿನ ಅಳತೆಯಲ್ಲಿ ಒಂದು 70 ಶೋರ್ ಇದ್ದರೆ ಇನ್ನೊಂದು 90. ಮೇಲಾಗಿ ನಮ್ಮಲ್ಲಿರುವ ಗ್ರೀಸ್ ಯಂತ್ರಕ್ಕೆ, ಉಸಿರಾಡುವ ಗಾಳಿಗಲ್ಲ. ಆಮ್ಲಜನಕ ಜಾಸ್ತಿ ಇರುವ ಗಾಳಿ ಹರಿಯುವ ಕಡೆ ಅಂಥ ಗ್ರೀಸ್ ಬೆಂಕಿಗೆ ದಾರಿ.

ಹಳೆಯದನ್ನು ನೋಡಲು ಹೋದಾಗ ಕೈಯಲ್ಲೊಂದು ಟಾರ್ಚ್ ಇರಲಿ. ಫಸ್ಟ್ ಸ್ಟೇಜಿನ ಮುಚ್ಚಳ ತೆಗೆದು ಗಾಳಿ ಒಳಹೋಗುವ ತೂತಿನಲ್ಲಿ ಬೆಳಕು ಬಿಡಿ. ಅಲ್ಲಿ ಕಾಣುವ ಬಿಲ್ಲೆಯಂಥದ್ದೇ ಫಿಲ್ಟರ್. ಅದು ಲೋಹದ ಬಣ್ಣದಲ್ಲೇ ಇದ್ದರೆ ಸರಿ. ಹಸಿರು ಇದ್ದರೆ ಉಪ್ಪುನೀರು ಒಳಹೊಕ್ಕಿದೆ. ಕೆಂಪು ಪುಡಿ ಇದ್ದರೆ ತುಕ್ಕು ಹಿಡಿದ ಸ್ಟೀಲ್ ಸಿಲಿಂಡರಿಗೆ ಹಾಕಿದ್ದಾರೆ. ಕಪ್ಪಗಿದ್ದರೆ ಕಂಪ್ರೆಸರಿನ ಇದ್ದಿಲ ಪುಡಿಯೋ ಎಣ್ಣೆಯೋ ಬಂದಿರಬಹುದು. ಹಸಿರು ಕಂಡರೆ ಚೌಕಾಸಿಯನ್ನೂ ಮಾಡಬೇಡಿ, ಎದ್ದು ಬನ್ನಿ.

ಆಮೇಲೆ ಮುಚ್ಚಳ ಬಿಗಿ ಮಾಡಿ ಸೆಕೆಂಡ್ ಸ್ಟೇಜ್ ಬಾಯಲ್ಲಿಟ್ಟು ಮೆಲ್ಲಗೆ ಎಳೆಯಿರಿ. ಗಾಳಿ ಬರಬಾರದು. ಬಂದರೆ ಒಳಗಿನ ಡಯಾಫ್ರಾಮೋ ಉಸಿರು ಹೊರಬಿಡುವ ವಾಲ್ವೋ ಕೆಟ್ಟಿರಬೇಕು. ಆಕ್ಟೋಪಸ್ಸಿಗೂ ಇದನ್ನೇ ಮಾಡಿ. ಹೋಸಿನ ತುದಿಯ ರಬ್ಬರ್ ಕವಚ ಹಿಂದಕ್ಕೆ ಸರಿಸಿ ನೋಡಿ, ಬಿರುಕು ಅಡಗಿರುವುದು ಅಲ್ಲೇ. ಸಿಲಿಂಡರಿಗೆ ಜೋಡಿಸಲು ಬಿಟ್ಟರೆ ಇನ್ನೂ ಒಳ್ಳೆಯದು. ವಾಲ್ವ್ ತೆರೆಯುವಾಗ ಗೇಜಿನ ಮುಖ ಆಚೆ ತಿರುಗಿಸಿ ಹಿಡಿಯಿರಿ. ಹಾಗೇ ಐದು ನಿಮಿಷ ಬಿಡಿ. ಸುಮ್ನೆ ಇದ್ದ ಸೆಕೆಂಡ್ ಸ್ಟೇಜ್ ನಿಧಾನಕ್ಕೆ ಸುಸ್ ಅನ್ನತೊಡಗಿದರೆ ಫಸ್ಟ್ ಸ್ಟೇಜಿನ ಸೀಟ್ ಹೋಗಿರುವ ಸಂಭವ ಜಾಸ್ತಿ.

ಹೊಸದು ತಗೊಳ್ಳುವವರಿಗೆ ಗೊಂದಲ ಕಡಿಮೆ. ಸ್ಕೂಬಾಪ್ರೋ ಎಂಕೆ2 ಥರದ ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ ಬಗೆಯ ಫಸ್ಟ್ ಸ್ಟೇಜ್ ಸರಳ, ಗಟ್ಟಿ. ಸಿಲಿಂಡರ್ ಖಾಲಿಯಾಗುತ್ತಾ ಬಂದಾಗ ಉಸಿರು ತುಸು ಬಿಗಿ ಅನಿಸುತ್ತದೆ, ಅಷ್ಟೇ. ಬ್ಯಾಲೆನ್ಸ್ಡ್ ಆದರೆ ಕೊನೇವರೆಗೂ ಒಂದೇ ಸಮ. 18 ಮೀಟರ್ ಆಳದ ಮಿತಿಯೊಳಗಿರುವ ಹೊಸಬರಿಗೆ ಎರಡೂ ನಡೆಯುತ್ತವೆ. ತಣ್ಣೀರಿಗೆಂದು ಸೀಲ್ ಮಾಡಿದ ಮಾಡೆಲ್ಲಿಗೆ ನೇತ್ರಾಣಿಯ ಬೆಚ್ಚನೆಯ ನೀರಿನಲ್ಲಿ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಫಸ್ಟ್ ಸ್ಟೇಜನ್ನು ಸಿಲಿಂಡರಿಗೆ ಜೋಡಿಸುವ ಬಗೆ ಎರಡು, ಯೋಕ್ ಮತ್ತು ಡಿನ್. ಯೋಕ್ ಸಿಲಿಂಡರಿನ ಮೇಲೆ ಹೊರಗಿನಿಂದ ಬಿಗಿಯುತ್ತದೆ, 232 ಬಾರ್‌ವರೆಗೆ. ಡಿನ್ ಒಳಗೆ ತಿರುಪಿಕೊಳ್ಳುತ್ತದೆ, 300 ಬಾರ್‌ವರೆಗೂ ಬರುತ್ತದೆ. ನೀವು ಹೋಗುವ ದೋಣಿಯವರ ಸಿಲಿಂಡರ್ ಯಾವುದು ಅಂತ ಕೇಳಿ ತಗೊಳ್ಳಿ. ಊರೂರು ಸುತ್ತುವವರಾದರೆ ಡಿನ್ ತಗೊಂಡು ಯೋಕ್ ಅಡಾಪ್ಟರ್ ಜೊತೆಗಿಟ್ಟುಕೊಳ್ಳಿ.

ತೊಳೆಯುವ ಕೆಲಸ ಮಾತ್ರ ಊರಿಗೆ ಬಂದು ಮಾಡುತ್ತೇನೆ ಅನ್ನಬೇಡಿ. ನಮ್ಮಲ್ಲಿ ನಳ ಬರುವ ದಿನಕ್ಕಾಗಿ ಕಾಯುತ್ತಾ ಕೂತರೆ ಉಪ್ಪು ಒಳಗೇ ಹರಳುಗಟ್ಟುತ್ತದೆ. ಮುರುಡೇಶ್ವರದ ಲಾಡ್ಜಿನ ಬಕೆಟಿನಲ್ಲೇ ನೆನೆಸಿ. ಫಸ್ಟ್ ಸ್ಟೇಜಿನ ಮುಚ್ಚಳವನ್ನು ಮೊದಲು ಒಣಗಿಸಿ ಹಾಕಿರಬೇಕು. ಬಕೆಟಿನಲ್ಲಿ ನೆನೆಸಿದ್ದಾಗ ಸೆಕೆಂಡ್ ಸ್ಟೇಜಿನ ಮೇಲಿರುವ ಪರ್ಜ್ ಬಟನ್ ಒತ್ತಬೇಡಿ, ಒತ್ತಿದರೆ ನೀರು ಹೋಸಿನೊಳಗೆ ಇಳಿದು ಫಸ್ಟ್ ಸ್ಟೇಜಿನವರೆಗೂ ಹೋಗುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಿ, ಹೋಸ್ ಮಡಚದೆ ಅಗಲವಾಗಿ ಸುತ್ತಿಡಿ.