ಹಂಚಿನ ಮೇಲೆ ಚಾಚಿದ ಟೊಂಗೆ ಇಳಿಸುವುದು ಹೇಗೆ?

ಬೆಳಗಾವಿಯ ಟಿಳಕವಾಡಿ, ಕ್ಯಾಂಪ್ ಕಡೆ ಹಳೇ ಮನೆಗಳ ಪಕ್ಕದಲ್ಲೇ ದೊಡ್ಡ ಮರಗಳಿವೆ. ಮರ ತೆಗೆಯಲು ಮೊದಲು ಅರಣ್ಯ ಇಲಾಖೆಯ ಅನುಮತಿ ನೋಡಿಕೊಳ್ಳಿ. ಕರೆಂಟ್ ತಂತಿ ಹತ್ತಿರ ಇದ್ದರೆ ಹೆಸ್ಕಾಂನವರು ಲೈನ್ ಬಂದ್ ಮಾಡುವವರೆಗೆ ಮರ ಹತ್ತಲೇಬೇಡಿ.

ಕೆಳಗೆ ಖಾಲಿ ಜಾಗ ಇದ್ದರೆ ಸಣ್ಣ ತುಂಡು ಮಾಡಿ ಬೀಳಿಸಿ, ಸುಮ್ನೆ ಹಗ್ಗ ಯಾಕೆ? ಹಂಚು ಇದ್ದರೆ ಮಾತ್ರ ಲೆಕ್ಕ ಬೇರೆ. ಟೊಂಗೆಯ ಬುಡಕ್ಕೆ ಹಗ್ಗ ಕಟ್ಟಿದರೆ ತುದಿ ಮೊದಲು ಕೆಳಗೆ ಬಾಗಿ ಹಂಚಿಗೆ ಬಡಿಯುತ್ತದೆ. ತುದಿ ಕಡೆ ಕಟ್ಟಿ, ಹಗ್ಗವನ್ನು ಮೇಲಿನ ಗಟ್ಟಿ ಕೊಂಬೆಯ ರಾಟೆಯಿಂದ ತಂದರೆ ಬುಡ ಮೊದಲು ಇಳಿಯುತ್ತದೆ; ಆದರೆ ಅದು ಮರ ಹತ್ತಿದವನ ಕಡೆ ತೂಗಿ ಬರಬಹುದು, ಅದಕ್ಕೇ ಬುಡಕ್ಕೊಂದು ಎಳೆಯುವ ಹಗ್ಗ ಬೇಕು.

ರಾಟೆ ಕಟ್ಟುವ ಕೊಂಬೆಯನ್ನು ಚೆನ್ನಾಗಿ ನೋಡಿ. 100 ಕೆಜಿ ತುಂಡು ಅಲುಗಾಡದೆ ತೂಗಿದರೂ, ಒಂದು ಕಡೆ ತುಂಡು, ಇನ್ನೊಂದು ಕಡೆ ಕೆಳಗೆ ಹಿಡಿದ ಹಗ್ಗ ಎರಡೂ ಎಳೆಯುವುದರಿಂದ ಆ ಕೊಂಬೆ ಮೇಲೆ ಸುಮಾರು 200 ಕೆಜಿ ಭಾರ ಬೀಳುತ್ತದೆ, ಜಗ್ಗು (ಒಮ್ಮೆಲೇ ಬೀಳುವ ಎಳೆತ) ಬಿದ್ದರೆ ಇನ್ನೂ ಜಾಸ್ತಿ. ಗುಲ್‌ಮೊಹರ್, ನುಗ್ಗೆ ಕೊಂಬೆಗಳನ್ನು ನಾನಂತೂ ನಂಬುವುದಿಲ್ಲ.

ಕೆಳಗಿನವನು ಹಗ್ಗವನ್ನು ಬೊಡ್ಡೆಗೆ ಎರಡು ಮೂರು ಸುತ್ತು ಹಾಕಿ ಸ್ವಲ್ಪಸ್ವಲ್ಪವೇ ಸಡಿಲ ಬಿಡಬೇಕು. ಕೈಗೆ ಸುತ್ತಿಕೊಳ್ಳಬಾರದು, ಸುರುಳಿಯೊಳಗೆ ಕಾಲಿಡಬಾರದು. ತುಂಡು ಬಿದ್ದೊಡನೆ ಗಕ್ಕನೆ ನಿಲ್ಲಿಸದೆ ಸ್ವಲ್ಪ ಓಡಲು ಬಿಟ್ಟು ನಿಧಾನ ಹಿಡಿಯಬೇಕು. ಕೊನೆಗೆ ಬೊಡ್ಡೆ ಮಾತ್ರ ಉಳಿದಾಗ ರಾಟೆ ಕೊಯ್ಯುವ ಜಾಗದ ಕೆಳಗೇ ಇರುತ್ತದೆ, ಜಗ್ಗು ಅತಿ ಹೆಚ್ಚು ಬೀಳುವುದು ಅಲ್ಲೇ, ಅದಕ್ಕೆ ತುಂಡುಗಳನ್ನು ಗಿಡ್ಡ ಮಾಡಿ.