ಸಾಣಾಪುರ ಕೆರೆಗೆ ಕಾರಲ್ಲಿ ಹೊರಟವರಿಗೆ

ಗಂಗಾವತಿಯಿಂದ ಆನೆಗೊಂದಿ ಮೇಲೆ ಸಾಣಾಪುರ ಕೆರೆಗೆ ಕಾರಲ್ಲಿ ಹೋಗುವವರು ಬೆಳಗ್ಗೆ ಆರಕ್ಕೇ ಮನೆ ಬಿಡಿ. ಅಂಜನಾದ್ರಿ ಹತ್ತುವುದಿದ್ದರೆ ಅದನ್ನೇ ಮೊದಲು ಮುಗಿಸಿ. 575 ಮೆಟ್ಟಿಲು, ಬಿಸಿಲೇರಿದರೆ ವಯಸ್ಸಾದವರಿಗೆ ತುಂಬಾ ಕಷ್ಟ. ಶನಿವಾರ ಜನ ಜಾಸ್ತಿ.

ರಸ್ತೆ ಅಷ್ಟು ಅಗಲ ಇಲ್ಲ. ಸುಗ್ಗಿಯಲ್ಲಂತೂ ಅಂಚಿನಲ್ಲಿ ಭತ್ತ ಒಣಗಲು ಹಾಕಿರುತ್ತಾರೆ. ಕಳೆದ ಸಲ ಒಂದು ತಿರುವಿನಲ್ಲೇ ಭತ್ತ ಹರವಿ, ಸುತ್ತ ಕಲ್ಲು ಇಟ್ಟಿದ್ದರು. ನಿಧಾನವಾಗಿ ಹೋಗುತ್ತಿದ್ದೆವು, ಬಚಾವಾದೆವು. ದಯವಿಟ್ಟು ಕಾಳಿನ ಮೇಲೆ ಚಕ್ರ ಹತ್ತಿಸಬೇಡಿ. ಅದು ಆ ಮನೆಯವರ ಇಡೀ ಬೆಳೆಯ ದುಡಿಮೆ ಅಲ್ವಾ?

ಬಂಡೆಗಳ ನಡುವೆ ಕೆರೆ ಕಂಡ ಕೂಡಲೇ ಎಲ್ಲರಿಗೂ ಫೋಟೋ ಆಸೆ. ತಿರುವಿನಲ್ಲಿ ನಿಲ್ಲಿಸದೆ, ಜಾಗ ಇರುವ ಕಡೆ ಗಾಡಿ ಪೂರ್ತಿ ಬದಿಗೆ ಹಾಕಿ. ಇದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ನೋಡಲು ಶಾಂತ, ಒಳಗೆ ಆಳ, ಕಲ್ಲು, ಸೆಳೆತ. ಈಜು ಬಂದರೂ ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ. ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಕೊಡದಿದ್ದರೆ ಸುಮ್ನೆ ದಡದಲ್ಲೇ ಕೂತು ನೋಡಿ, ಅಲ್ಲಿಂದಲೂ ಬಹಳ ಚಂದ.

ಕಾರಲ್ಲಿ ಒಂದು ಕಸದ ಚೀಲ ಇರಲಿ.